ವಿಪಲ್ ಆಪರೇಷನ್‌ಗೆ ಬೆಂಗಳೂರಿನಲ್ಲಿ ಕೈ ಪಳಗಿದ ಸರ್ಜನ್ ಹುಡುಕುವುದು ಹೇಗೆ?

ಹೇಮಾವತಿ_ದಂಡೆ ಕೇಳಿದ್ದು:

ನಮಸ್ಕಾರ. ತಂದೆಯವರಿಗೆ 63 ವರ್ಷ, ಹಾಸನದಲ್ಲಿದ್ದಾರೆ. ಎರಡು ವಾರದಿಂದ ಕಣ್ಣು, ಮೈ ಹಳದಿ, ರಾತ್ರಿಯೆಲ್ಲ ತುರಿಕೆ, ತೂಕವೂ ಇಳಿದಿದೆ. ಜ್ವರ ಇಲ್ಲ. ಕಾಮಾಲೆ ಅಳೆಯುವ ಬಿಲಿರುಬಿನ್ 9.2. ಅಲ್ಟ್ರಾಸೌಂಡ್‌ನಲ್ಲಿ ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ತಲೆಭಾಗದಲ್ಲಿ ಎರಡೂವರೆ ಸೆಂಟಿಮೀಟರ್ ಗಡ್ಡೆ ಇದ್ದಂತಿದೆ, ಪಿತ್ತನಾಳ ಹಿಗ್ಗಿದೆ ಎಂದು ಬರೆದಿದ್ದಾರೆ. ಇಲ್ಲಿನ ಡಾಕ್ಟರು "ಆ ಭಾಗವನ್ನೇ ತೆಗೆಯುವ ವಿಪಲ್ ಆಪರೇಷನ್ ಬೇಕಾಗಬಹುದು, ತಡ ಮಾಡದೆ ಬೆಂಗಳೂರಿಗೆ ಹೋಗಿ, ಅದರಲ್ಲಿ ಕೈ ಪಳಗಿದವರ ಹತ್ತಿರವೇ ಮಾಡಿಸಿ" ಎಂದರು. ಯಾರ ಹತ್ತಿರ ಎಂದು ಹೇಳಲಿಲ್ಲ.

ಬೆಂಗಳೂರಿನ ನೆಂಟರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ. ಗೂಗಲ್‌ನಲ್ಲಿ ನೋಡಿದರೆ ಎಲ್ಲರಿಗೂ 4.8, 4.9. ಕೆಲವರ ಬೋರ್ಡಿನಲ್ಲಿ ಸರ್ಜಿಕಲ್ ಗ್ಯಾಸ್ಟ್ರೋ ಎಂದಿದೆ, ಕೆಲವರದ್ದು ಕ್ಯಾನ್ಸರ್ ಸರ್ಜನ್, ಇನ್ನು ಕೆಲವರದ್ದು ಲಿವರ್ ಕಸಿ ತಜ್ಞ. ಇದಕ್ಕೆ ನಿಜವಾಗಿ ಯಾರು ಬೇಕು? ಒಬ್ಬ ಸರ್ಜನ್ ಒಳ್ಳೆಯವರು ಎಂದು ಹೊರಗಿನವರು ತಿಳಿಯುವುದು ಹೇಗೆ? ಒಂದು ಕಡೆ ಫೋನಿನಲ್ಲೇ "ಮೊದಲು ಸ್ಟೆಂಟ್ ಹಾಕಿಸಿ, ಆಮೇಲೆ ನೋಡೋಣ" ಎಂದರು, ಅದು ಸರಿಯೇ? ನಮ್ಮದು ಬಿ.ಪಿ.ಎಲ್. ಕಾರ್ಡ್.

ಶಸ್ತ್ರಕೋಣೆ ಉತ್ತರಿಸಿದ್ದು:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದಕ್ಕೆ ಅವಸರವಿದೆ. ಚಳಿಜ್ವರ ಇಲ್ಲದಿರುವಾಗ, ಸಿ.ಟಿ. ಸ್ಕ್ಯಾನ್ ಆಗುವ ತನಕ ಸ್ಟೆಂಟ್‌ಗೆ (ಕಟ್ಟಿದ ಪಿತ್ತನಾಳವನ್ನು ತೆರೆದಿಡುವ ಕೊಳವೆಗೆ) ಒಪ್ಪಬೇಡಿ. ಗಡ್ಡೆ ಪಕ್ಕದ ದೊಡ್ಡ ರಕ್ತನಾಳಗಳಿಗೆ ಅಂಟಿದೆಯೋ, ಬಿಡಿಯಾಗಿದೆಯೋ ಎನ್ನುವುದರ ಮೇಲೇ ಆಪರೇಷನ್ ಆಗುತ್ತದೋ ಇಲ್ಲವೋ ಎನ್ನುವುದು ನಿಂತಿದೆ. ಇ.ಆರ್.ಸಿ.ಪಿ. ಮಾಡಿ, ಅಂದರೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ, ಸ್ಟೆಂಟ್ ಕೂರಿಸಿದ ಮೇಲೆ ಆ ಜಾಗದಲ್ಲಿ ಊತ ಬರಬಹುದು, ಲೋಹದ ಸ್ಟೆಂಟ್ ಆದರೆ ಚಿತ್ರದಲ್ಲಿ ಹೊಳಪಿನ ಗೆರೆಗಳೂ ಬೀಳುತ್ತವೆ. ಆಗ ಯಾವುದು ಗಡ್ಡೆ, ಯಾವುದು ಊತ ಎಂದು ಎಷ್ಟೇ ಒಳ್ಳೆಯ ಕಣ್ಣಿಗೂ ಗೊತ್ತಾಗುವುದು ಕಷ್ಟ. ಕೆಡಿಸಿಕೊಂಡ ಆ ಚಿತ್ರವನ್ನು ಮತ್ತೆ ಸರಿಪಡಿಸಲು ವಾರಗಟ್ಟಲೆ ಕಾಯಬೇಕು.

ಸಿ.ಟಿ. ಎಂದರೆ ಮಾಮೂಲಿ ಹೊಟ್ಟೆಯ ಸಿ.ಟಿ. ಅಲ್ಲ. ಚೀಟಿಯಲ್ಲಿ "ಪ್ಯಾಂಕ್ರಿಯಾಸ್ ಪ್ರೋಟೊಕಾಲ್" ಎಂದು ಬರೆಸಿಕೊಳ್ಳಿ. ಕಾಂಟ್ರಾಸ್ಟ್ ಚುಚ್ಚಿದ 40ರಿಂದ 45ನೇ ಸೆಕೆಂಡಿಗೆ ಒಂದು ಸಲ, 70ನೇ ಸೆಕೆಂಡಿನ ಆಸುಪಾಸಿನಲ್ಲಿ ಇನ್ನೊಂದು ಸಲ ಚಿತ್ರ ತೆಗೆಯುತ್ತಾರೆ, ಪದರಗಳು 3 ಮಿಲಿಮೀಟರಿಗಿಂತ ತೆಳುವಾಗಿರಬೇಕು. ಹೋಗುವ ಮೊದಲು ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿರಿ. ಎದೆಯ ಭಾಗವನ್ನೂ ಅದೇ ಸಲಕ್ಕೆ ಸೇರಿಸಲು ಕೇಳಿ, ಎರಡನೇ ಸಲ ಓಡಾಡುವುದು ತಪ್ಪುತ್ತದೆ.

ಕಾಮಾಲೆ ಇದ್ದವರಿಗೆಲ್ಲ ಮೊದಲು ಸ್ಟೆಂಟ್ ಹಾಕುವ ರೂಢಿಯನ್ನು ನೆದರ್ಲೆಂಡ್ಸ್‌ನಲ್ಲಿ ಪರೀಕ್ಷಿಸಿ 2010ರಲ್ಲಿ ವರದಿ ಪ್ರಕಟಿಸಿದರು. ಬಿಲಿರುಬಿನ್ ಸುಮಾರು 2.3ರಿಂದ 14.6ರ ಒಳಗಿದ್ದ ರೋಗಿಗಳಲ್ಲಿ ನೇರ ಆಪರೇಷನ್ ಆದವರ ಪೈಕಿ ಶೇ. 39 ಮಂದಿಗೆ ಗಂಭೀರ ತೊಂದರೆ ಬಂತು. ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 74. ಅಲ್ಲಿ ಬಳಸಿದ್ದು ಪ್ಲಾಸ್ಟಿಕ್ ಸ್ಟೆಂಟ್, ಲೋಹದ್ದರಲ್ಲಿ ತೊಂದರೆ ಕಡಿಮೆ, ಅದನ್ನೂ ಹೇಳಬೇಕು. ಆದರೂ ಬಿಲಿರುಬಿನ್ 9.2, ಜ್ವರ ಇಲ್ಲ, ಆಪರೇಷನ್‌ಗೆ ಬೇಗ ದಿನ ಸಿಗುತ್ತದೆ ಎಂದರೆ ಸ್ಟೆಂಟ್ ಇಲ್ಲದೆಯೇ ಹೋಗಬಹುದು. ಚಳಿಜ್ವರ ಬಂದರೆ, ಬಿಲಿರುಬಿನ್ 15 ದಾಟಿದರೆ, ದಿನ ಸಿಗುವುದು ಬಹಳ ತಡವಾದರೆ ಅಥವಾ ಮೊದಲು ಕೀಮೋ ಎಂದು ತೀರ್ಮಾನವಾದರೆ ಸ್ಟೆಂಟ್ ಬೇಕೇ ಬೇಕು. ಅದನ್ನು ನಿರ್ಧರಿಸಬೇಕಾದವರು ಆಪರೇಷನ್ ಮಾಡುವ ಸರ್ಜನ್. ಫೋನ್ ಎತ್ತಿದವರ ಮಾತಿಗೆ ಒಪ್ಪಬೇಡಿ.

ಇನ್ನು ಯಾವ ಬೋರ್ಡು ಎಂಬ ಪ್ರಶ್ನೆ. ವಿಪಲ್‌ನಲ್ಲಿ ಪ್ಯಾಂಕ್ರಿಯಾಸ್‌ನ ತಲೆ, ಡ್ಯುಯೊಡಿನಮ್ (ಸಣ್ಣಕರುಳಿನ ಮೊದಲ ಭಾಗ), ಪಿತ್ತಕೋಶ, ಪಿತ್ತನಾಳದ ಕೆಳಭಾಗ, ಕೆಲವೊಮ್ಮೆ ಜಠರದ ತುದಿ ಎಲ್ಲವನ್ನೂ ತೆಗೆದು, ಉಳಿದ ಪ್ಯಾಂಕ್ರಿಯಾಸ್, ಪಿತ್ತನಾಳ, ಜಠರ ಮೂರನ್ನೂ ಸಣ್ಣಕರುಳಿಗೆ ಜೋಡಿಸುತ್ತಾರೆ. ಐದರಿಂದ ಎಂಟು ಗಂಟೆಯ ಕೆಲಸ. ಸರ್ಜಿಕಲ್ ಗ್ಯಾಸ್ಟ್ರೋದವರೂ ಮಾಡುತ್ತಾರೆ, ಕ್ಯಾನ್ಸರ್ ಸರ್ಜನ್ನರೂ ಮಾಡುತ್ತಾರೆ, ಲಿವರ್ ಕಸಿ ಮಾಡುವವರೂ ಮಾಡುತ್ತಾರೆ. ಮೂವರೂ ಸರಿಯೇ. ಎಂ.ಎಸ್. ಆದ ಮೇಲೆ ಮೂರು ವರ್ಷದ ಸೂಪರ್‌ಸ್ಪೆಷಾಲಿಟಿ ಪದವಿ ಎಂ.ಸಿಎಚ್. ಅಥವಾ ಅದಕ್ಕೆ ಸಮನಾದ ಡಿ.ಆರ್.ಎನ್.ಬಿ. ಇದೆಯೇ ನೋಡಿ. ಹೆಸರಿನ ಮುಂದೆ ಎಫ್ ಅಕ್ಷರದಿಂದ ಶುರುವಾಗುವ ಫೆಲೋಶಿಪ್‌ಗಳ ಸಾಲಿದ್ದರೆ ಮರುಳಾಗಬೇಡಿ. ಅದರಲ್ಲಿ ವರ್ಷಗಟ್ಟಲೆ ದುಡಿದು ಪಡೆದದ್ದೂ ಇರುತ್ತದೆ, ನಾಲ್ಕು ದಿನದ ಕೋರ್ಸಿನದ್ದೂ ಇರುತ್ತದೆ.

ಆದರೆ ಡಿಗ್ರಿ ಎಂಬುದು ಬಾಗಿಲು ದಾಟಲು ಬೇಕಾದ ಚೀಟಿ ಅಷ್ಟೇ. ಫಲಿತಾಂಶವನ್ನು ಬದಲಿಸುವುದು ಎಷ್ಟು ಮಾಡಿದ್ದಾರೆ, ಎಲ್ಲಿ ಮಾಡುತ್ತಾರೆ ಎನ್ನುವ ಲೆಕ್ಕ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹಲವು ಬಗೆಯ ಆಪರೇಷನ್‌ಗಳನ್ನು ಆಸ್ಪತ್ರೆವಾರು ಅಳೆದರು. ಅತಿ ಹೆಚ್ಚು ವ್ಯತ್ಯಾಸ ಕಂಡದ್ದು ಪ್ಯಾಂಕ್ರಿಯಾಸ್‌ನಲ್ಲೇ. ವರ್ಷಕ್ಕೆ ಸರಾಸರಿ ಒಂದೂ ಮಾಡದ ಆಸ್ಪತ್ರೆಗಳಲ್ಲಿ ಸಾವು ಶೇ. 16.3. ವರ್ಷಕ್ಕೆ 16ಕ್ಕಿಂತ ಹೆಚ್ಚು ಮಾಡುವಲ್ಲಿ ಶೇ. 3.8. ಅದೇ ಕಾಯಿಲೆ, ಅದೇ ಆಪರೇಷನ್, ಆದರೆ ಸಾವು ನಾಲ್ಕು ಪಟ್ಟು. ನೆದರ್ಲೆಂಡ್ಸ್‌ನಲ್ಲಿ ವರ್ಷಕ್ಕೆ 20 ಮಾಡದ ಆಸ್ಪತ್ರೆ ಈ ಆಪರೇಷನ್ ಮಾಡುವಂತೆಯೇ ಇಲ್ಲ. ನಮ್ಮಲ್ಲಿ ಅಂಥ ನಿಯಮ ಇಲ್ಲ, ಆದ್ದರಿಂದ ಆ ಪ್ರಶ್ನೆ ಕೇಳುವ ಹೊಣೆ ರೋಗಿಯ ಮನೆಯವರ ಮೇಲೇ ಬೀಳುತ್ತದೆ. 20 ಎಂಬ ಸಂಖ್ಯೆಯನ್ನು ನೆನಪಿಡಿ.

ಹೆಸರು ಹುಡುಕುವ ಬಗೆ ಹೀಗೆ. ನೆಂಟರನ್ನು ಕೇಳಿದರೆ ಅವರಿಗೆ ಗೊತ್ತಿರುವುದು ಗಾಲ್‌ಬ್ಲಾಡರ್ ಕಲ್ಲು ತೆಗೆದ ಸರ್ಜನ್. ಕಲ್ಲು ತೆಗೆಯುವುದರಲ್ಲಿ ಅವರು ನಿಪುಣರೇ ಇರಬಹುದು, ಅದರಿಂದ ಇದಕ್ಕೆ ಏನೂ ತಿಳಿಯುವುದಿಲ್ಲ. ಕೇಳಬೇಕಾದವರು ಸರ್ಜನ್ನರ ಕೆಲಸವನ್ನು ದಿನವೂ ನೋಡುವವರು. ಎಂಡೋಸ್ಕೋಪಿ ಮಾಡುವ ಗ್ಯಾಸ್ಟ್ರೋಎಂಟರಾಲಜಿಸ್ಟ್, ಆಪರೇಷನ್‌ಗೆ ಅರಿವಳಿಕೆ ಕೊಡುವ ಅನಸ್ತೇಶಿಯಾ ಡಾಕ್ಟರು, ತೆಗೆದ ಭಾಗವನ್ನು ಕುಯ್ದು ನೋಡುವ ಪೆಥಾಲಜಿಸ್ಟ್. ಎಲ್ಲರಿಗಿಂತ ಉತ್ತಮ ಸಾಕ್ಷಿ ಕೀಮೋ ಕೊಡುವ ಮೆಡಿಕಲ್ ಆಂಕಾಲಜಿಸ್ಟ್. ಹತ್ತು ಆಸ್ಪತ್ರೆಗಳಿಂದ ಆಪರೇಷನ್ ಮುಗಿಸಿ ಬಂದವರನ್ನು ನೋಡುವವರು ಅವರೇ. ಯಾರ ರೋಗಿ ಎರಡು ತಿಂಗಳೊಳಗೆ ನಡೆದುಕೊಂಡು ಬರುತ್ತಾನೆ, ಯಾರ ರೋಗಿ ಸೋರಿಕೆ, ಸೋಂಕು ಎಂದು ನಾಲ್ಕು ತಿಂಗಳು ಮಲಗುತ್ತಾನೆ, ಯಾರ ವರದಿಯಲ್ಲಿ ಅಂಚು ಶುದ್ಧ (ಕುಯ್ದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ) ಎಂದು ಬರುತ್ತದೆ, ಯಾರ ವರದಿಯಲ್ಲಿ 12ಕ್ಕಿಂತ ಕಡಿಮೆ, ಅಂದರೆ ಪರೀಕ್ಷೆಗೆ ಸಾಲದಷ್ಟು, ಲಿಂಫ್ ಗಂಟು ಸಿಕ್ಕಿವೆ, ಇವೆಲ್ಲ ಅವರ ಮೇಜಿನ ಮೇಲೇ ಇರುತ್ತದೆ.

ಕೇಳುವ ಮಾತೂ ಮುಖ್ಯ. "ಯಾರು ಒಳ್ಳೆಯವರು" ಎಂದರೆ ಎಲ್ಲರೂ ಒಳ್ಳೆಯವರೇ. "ನಿಮ್ಮ ತಂದೆಗೇ ಹೀಗಾಗಿದ್ದರೆ ಯಾರ ಕೈಗೆ ಕೊಡುತ್ತಿದ್ದಿರಿ, ಅವರು ಊರಲ್ಲಿಲ್ಲ ಎಂದರೆ ಎರಡನೆಯದು ಯಾರು" ಎಂದು ಕೇಳಿ. ಬೇರೆ ಬೇರೆ ಆಸ್ಪತ್ರೆಯ ಮೂರ್ನಾಲ್ಕು ಜನರನ್ನು ಕೇಳಿದಾಗ ಯಾವ ಹೆಸರು ಎರಡು ಸಲ ಬರುತ್ತದೋ ಅದನ್ನು ಬರೆದಿಟ್ಟುಕೊಳ್ಳಿ. ಒಂದೇ ಆಸ್ಪತ್ರೆಯವರು ತಮ್ಮವರನ್ನೇ ಹೇಳುವುದು ಸಹಜ, ಅದನ್ನು ಅರ್ಧ ಓಟಾಗಿ ಎಣಿಸಿ.

ರಾತ್ರಿಪಾಳಿ ಉತ್ತರಿಸಿದ್ದು:

ಮೇಲಿನವರು ಹೇಳಿದ್ದರಲ್ಲಿ ಒಂದಕ್ಕೆ ಇನ್ನಷ್ಟು ಒತ್ತು ಕೊಡಬೇಕು. ಸರ್ಜನ್ ಎಷ್ಟೇ ದೊಡ್ಡವರಿರಲಿ, ವಿಪಲ್ ಆದ ರೋಗಿಯನ್ನು ಉಳಿಸುವುದು ಆಪರೇಷನ್ ಆದ ಮೇಲಿನ ಹತ್ತು ರಾತ್ರಿಗಳು. ಐ.ಸಿ.ಯು. ಕಡೆಯಿಂದ ನೋಡಿದರೆ ಲೆಕ್ಕ ಹೀಗಿರುತ್ತದೆ.

ಪ್ಯಾಂಕ್ರಿಯಾಸ್ ಮತ್ತು ಕರುಳಿನ ಜೋಡಣೆ ಸೋರುವುದು ಈ ಆಪರೇಷನ್‌ನ ದೊಡ್ಡ ಶತ್ರು. ಪ್ಯಾಂಕ್ರಿಯಾಸ್ ಮೆತ್ತಗಿದ್ದು ಅದರ ನಾಳ ಸಣ್ಣದಿದ್ದರೆ ಹೊಲಿಗೆ ನಿಲ್ಲುವುದೇ ಕಷ್ಟ, ಎಂಥ ಕೈಗೂ ಸ್ವಲ್ಪ ಸೋರುತ್ತದೆ. ಮೂರನೇ ದಿನ ಡ್ರೈನ್‌ನಲ್ಲಿ (ಹೊಟ್ಟೆಯೊಳಗಿಂದ ದ್ರವ ಹೊರತರುವ ಕೊಳವೆಯಲ್ಲಿ) ಬಂದ ದ್ರವದಲ್ಲಿ ಪ್ಯಾಂಕ್ರಿಯಾಸ್ ರಸದ ಅಂಶವಾದ ಅಮೈಲೇಸ್ ಎಷ್ಟಿದೆ ನೋಡುತ್ತಾರೆ. ರಕ್ತದ ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಸೋರಿಕೆಯ ಸುಳಿವು. ಬರಿಯ ಸಂಖ್ಯೆ ಹೆಚ್ಚಿದ್ದು ರೋಗಿ ಚೆನ್ನಾಗಿದ್ದರೆ ಭಯವಿಲ್ಲ. ಜ್ವರ, ನಾಡಿ ಏರಿಕೆ, ಹೊಟ್ಟೆ ಬಿಗಿತ ಜೊತೆಗೂಡಿದರೆ ಅದೇ ದಿನ ಸಿ.ಟಿ. ತೆಗೆದು, ಕೀವು ನಿಂತಲ್ಲಿಗೆ ಸೂಜಿಯಿಂದ ನಳಿಕೆ ಇಳಿಸಬೇಕು.

ನಿಜವಾದ ಗಂಡಾಂತರ ರಕ್ತಸ್ರಾವ. ಸೋರಿದ ರಸ ಪಕ್ಕದ ರಕ್ತನಾಳದ ಗೋಡೆಯನ್ನು ತಿನ್ನುತ್ತದೆ. ಒಂದು ವಾರ ಕಳೆದು ಎಲ್ಲ ಸರಿಹೋಯಿತು ಎಂದುಕೊಂಡಾಗ ಡ್ರೈನ್‌ನಲ್ಲಿ ಸ್ವಲ್ಪ ಕೆಂಪು ಕಾಣುತ್ತದೆ, ತಾನೇ ನಿಲ್ಲುತ್ತದೆ. ಅದು ಮುನ್ಸೂಚನೆ. ಕೆಲವು ಗಂಟೆಗಳಲ್ಲಿ ಅಥವಾ ಮರುದಿನ ದೊಡ್ಡದಾಗಿ ಒಡೆಯಬಹುದು. ಆ ಸ್ವಲ್ಪ ಕೆಂಪನ್ನು ನೋಡಿದ ನರ್ಸಿಗೆ ಅದರ ಅರ್ಥ ಗೊತ್ತಿರಬೇಕು, ರಾತ್ರಿ ಎರಡು ಗಂಟೆಗೆ ರಕ್ತನಾಳ ತೋರಿಸುವ ಸಿ.ಟಿ. ಆಂಜಿಯೋ ಆಗಬೇಕು, ತೊಡೆಯ ರಕ್ತನಾಳದಿಂದ ತಂತಿ ತೂರಿಸಿ ರಕ್ತ ಕಟ್ಟುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಬಂದು ಸೇರಬೇಕು. ಈ ಸರಪಳಿ ಇರುವ ಆಸ್ಪತ್ರೆಯಲ್ಲಿ ರೋಗಿ ಬದುಕುವ ಸಾಧ್ಯತೆ ಹೆಚ್ಚು. ಹೆಚ್ಚು ಆಪರೇಷನ್ ಮಾಡುವ ಕಡೆ ಸಾವು ಕಡಿಮೆ ಇರುವುದಕ್ಕೆ ದೊಡ್ಡ ಕಾರಣ ಇದೇ: ತೊಂದರೆ ಅಲ್ಲಿಯೂ ಬರುತ್ತದೆ, ಆದರೆ ಬೇಗ ಹಿಡಿಯುತ್ತಾರೆ.

ಬೆಂಗಳೂರಿನಲ್ಲಿ ಹೆಸರಾಂತ ಸರ್ಜನ್ನರನ್ನು ಆರಿಸುವಾಗ ಮರೆಯಬಾರದ ಸಂಗತಿ ಇನ್ನೊಂದಿದೆ. ಬೆಳಿಗ್ಗೆ ಹೆಬ್ಬಾಳದಲ್ಲಿ ಆಪರೇಷನ್, ಸಂಜೆ ಜಯನಗರದಲ್ಲಿ ಓ.ಪಿ.ಡಿ., ಶನಿವಾರ ವೈಟ್‌ಫೀಲ್ಡ್ ಎಂದು ನಾಲ್ಕೈದು ಕಡೆ ವಿಸಿಟಿಂಗ್ ಇರುವವರು ಬಹಳ. ಸಂಜೆ ಏಳಕ್ಕೆ ಸಿಲ್ಕ್ ಬೋರ್ಡ್ ದಾಟಿ ಬರಲು ಎಷ್ಟು ಹೊತ್ತು ಬೇಕು ಎಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಹಾಗಾಗಿ ಮೂರು ಪ್ರಶ್ನೆ ಕೇಳಿ. ನೀವು ಇದೇ ಆಸ್ಪತ್ರೆಯಲ್ಲಿ ಪೂರ್ಣಾವಧಿ ಇರುತ್ತೀರಾ? ನೀವಿಲ್ಲದಾಗ ವಿಪಲ್ ಬಲ್ಲ ಇನ್ನೊಬ್ಬ ಸರ್ಜನ್ ಇಲ್ಲಿ ಇದ್ದಾರಾ? ರಾತ್ರಿ, ಭಾನುವಾರ ರೇಡಿಯಾಲಜಿಯವರು ಬರುತ್ತಾರಾ, ಬ್ಲಡ್ ಬ್ಯಾಂಕ್ ಕಟ್ಟಡದೊಳಗೇ ಇದೆಯಾ? ಒಬ್ಬರೇ ಮಹಾನ್ ಸರ್ಜನ್ ಇರುವ ಸಣ್ಣ ನರ್ಸಿಂಗ್ ಹೋಮ್‌ಗಿಂತ, ಮೂವರು ಸಮರ್ಥರು ಒಂದೇ ತಂಡವಾಗಿ ದುಡಿಯುವ ಆಸ್ಪತ್ರೆ ಈ ಆಪರೇಷನ್‌ಗೆ ಎಷ್ಟೋ ಮೇಲು.

ರೆಕಾರ್ಡ್_ರೂಮ್ ಉತ್ತರಿಸಿದ್ದು:

ಸರ್ಜನ್ ಎದುರು ಕೂರುವ ಹತ್ತು ಹದಿನೈದು ನಿಮಿಷ ಹಾಳಾಗುವುದು ಬಹುಪಾಲು ಕಾಗದಗಳಿಂದ. ಇದನ್ನು ಮೊದಲೇ ಕಟ್ಟಿಟ್ಟುಕೊಳ್ಳಿ.

ಸಿ.ಟಿ.ಯ ಫಿಲ್ಮ್ ಸಾಲದು. ಡೈಕಾಮ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಕಡತ) ರೂಪದಲ್ಲಿ ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ. ಫಿಲ್ಮ್‌ನಲ್ಲಿ ಇರುವುದು ಆಯ್ದ ಕೆಲವೇ ಚಿತ್ರ, ರಕ್ತನಾಳದ ಅಂಚನ್ನು ಪದರ ಪದರವಾಗಿ ಉರುಳಿಸಿ ನೋಡಬೇಕಾದರೆ ಇಡೀ ಕಡತ ಬೇಕು. ಸಿ.ಡಿ. ಕೈಗೆ ಬಂದ ಕೂಡಲೇ ಅಲ್ಲಿಯೇ ಒಂದು ಕಂಪ್ಯೂಟರಿನಲ್ಲಿ ತೆರೆಸಿ ನೋಡಿ. ಖಾಲಿ ಸಿ.ಡಿ. ಹಿಡಿದುಕೊಂಡು ಹಾಸನದಿಂದ ಬಂದವರು ಎಷ್ಟೋ ಜನ. ಮೊಬೈಲಿನಲ್ಲಿ ಫಿಲ್ಮ್‌ನ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ಯಾವ ಸರ್ಜನ್ನೂ ಅದರ ಮೇಲೆ ತೀರ್ಮಾನ ಹೇಳಲಾರರು, ಹೇಳಿದರೆ ನಂಬಬೇಡಿ.

ರಕ್ತ ಪರೀಕ್ಷೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ: ಲಿವರ್ ಫಂಕ್ಷನ್, ಕ್ರಿಯಾಟಿನಿನ್, ಹಿಮೊಗ್ಲೋಬಿನ್, ಸಕ್ಕರೆ, ಪಿ.ಟಿ.-ಐ.ಎನ್.ಆರ್. (ರಕ್ತ ಹೆಪ್ಪುಗಟ್ಟುವ ಅಳತೆ), ಆಲ್ಬುಮಿನ್ (ರಕ್ತದ ಪ್ರೋಟೀನ್), ಸಿ.ಎ. 19-9 (ಕ್ಯಾನ್ಸರ್‌ನ ಸುಳಿವು ಕೊಡುವ ಪರೀಕ್ಷೆ). ಈ ಕೊನೆಯದರ ಬಗ್ಗೆ ಎಚ್ಚರ, ಕಾಮಾಲೆ ಒಂದರಿಂದಲೇ ಅದು ಏರುತ್ತದೆ, ಸಂಖ್ಯೆ ನೋಡಿ ಮನೆಯಲ್ಲಿ ಅಳು ಬೇಡ. ಒಂದು ಪುಟದಲ್ಲಿ ವಯಸ್ಸು, ತೂಕ ಎಷ್ಟಿತ್ತು ಎಷ್ಟಾಗಿದೆ, ಸಕ್ಕರೆ ಬಿ.ಪಿ. ಹೃದಯದ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಮೊದಲಿನ ಆಪರೇಷನ್, ಬೀಡಿ ಸಿಗರೇಟು ಎಷ್ಟು ವರ್ಷ ಎಂದು ಬರೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕೆಂಪು ಶಾಯಿಯಲ್ಲಿ.

ಆಸ್ಪತ್ರೆ ದಾಖಲೆ ಕೊಡಲು ಎಳೆದಾಡಿದರೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅದೇ ನಿಯಮಾವಳಿಯಲ್ಲಿ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದು, ಪಡೆಯುವುದು ಎರಡೂ ನಿಷಿದ್ಧ. "ಇಂಥವರ ಹೆಸರು ಹೇಳಿ, ಇಂಥ ಕಡೆಗೇ ಹೋಗಿ" ಎಂದು ಬೇರೆ ಆಯ್ಕೆಯನ್ನೇ ಕೊಡದೆ ದಬಾಯಿಸಿ ಕಳಿಸುವವರಿದ್ದರೆ ಒಂದು ಹೆಜ್ಜೆ ಹಿಂದೆ ಇಡಿ.

ಡಿಗ್ರಿ ಪರೀಕ್ಷಿಸುವುದು ಐದು ನಿಮಿಷದ ಕೆಲಸ. ಚೀಟಿಯ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಇಂಡಿಯನ್ ಮೆಡಿಕಲ್ ರಿಜಿಸ್ಟರ್ ಎಂಬಲ್ಲಿ ಹೆಸರು ಅಥವಾ ಸಂಖ್ಯೆ ಹಾಕಿ ಹುಡುಕಿ. ಎಂ.ಸಿಎಚ್. ಅಲ್ಲಿ ಕಾಣದಿದ್ದರೆ ಕೂಡಲೇ ಸುಳ್ಳು ಎನ್ನಬೇಡಿ, ಹೆಚ್ಚುವರಿ ಪದವಿಯನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕು, ತಡವಾಗಿ ಸೇರಿಸುವವರಿದ್ದಾರೆ. ಖಾಸಗಿ ಆಸ್ಪತ್ರೆಗೆ ಕೆ.ಪಿ.ಎಂ.ಇ. (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಲೇಬೇಕು.

ಎರಡನೇ ಅಭಿಪ್ರಾಯ ಪಡೆಯುವಾಗ ಮೊದಲನೆಯವರು ಏನೆಂದರು ಎಂದು ಶುರುವಿನಲ್ಲೇ ಹೇಳಬೇಡಿ. ಚಿತ್ರ ನೋಡಿ ಅವರೇ ಹೇಳಲಿ, ಆಮೇಲೆ ಹೋಲಿಸಿ. ಎರಡೂ ಒಂದೇ ಆದರೆ ಮೂರನೆಯದು ಬೇಡ, ದಿನ ಕಳೆಯುತ್ತದೆ. ಎರಡು ಬೇರೆ ಬೇರೆಯಾದರೆ, ಒಬ್ಬರು ಆಪರೇಷನ್ ಎಂದು ಇನ್ನೊಬ್ಬರು ಕೀಮೋ ಮೊದಲು ಎಂದರೆ, ಟ್ಯೂಮರ್ ಬೋರ್ಡ್ (ಹಲವು ವಿಭಾಗದ ತಜ್ಞರು ಕೂತು ತೀರ್ಮಾನಿಸುವ ಸಭೆ) ಇರುವ ಕಡೆ ತೋರಿಸಿ. ಮನೆಯಿಂದಲೇ ಕಡತಗಳನ್ನು ಅಪ್‌ಲೋಡ್ ಮಾಡಿ ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ತಜ್ಞರ ಅಭಿಪ್ರಾಯ ಪಡೆಯಲು ನವ್ಯ ಎಂಬ ಆನ್‌ಲೈನ್ ಸೇವೆಯೂ ಇದೆ.

ಹೇಮಾವತಿ_ದಂಡೆ:

ಎಲ್ಲರಿಗೂ ಕೈಮುಗಿದೆ. ಸಿ.ಟಿ. ಚೀಟಿಯಲ್ಲಿ ಪ್ರೋಟೊಕಾಲ್ ಬರೆಸಿದ್ದಾಯಿತು. ಎರಡು ಹೆಸರು ಎರಡೆರಡು ಸಲ ಬಂದಿವೆ. ಮೂರು ಅನುಮಾನ ಉಳಿದಿವೆ. ಒಂದು ಕಡೆ ರೋಬೋಟ್‌ನಲ್ಲಿ ಮಾಡಿದರೆ ಬೇಗ ಗುಣ ಎನ್ನುತ್ತಿದ್ದಾರೆ. ಬಯಾಪ್ಸಿ ಇಲ್ಲದೆ ಆಪರೇಷನ್ ಎಂದರೆ ಚಿಕ್ಕಪ್ಪ ಒಪ್ಪುತ್ತಿಲ್ಲ. ಮತ್ತೆ, ಅಷ್ಟು ದೊಡ್ಡ ಡಾಕ್ಟರ ಎದುರು ಕೂತು ನೀವೆಷ್ಟು ಮಾಡಿದ್ದೀರಿ, ಎಷ್ಟು ಜನ ತೀರಿಕೊಂಡರು ಎಂದು ಹೇಗೆ ಕೇಳುವುದು? ಬೇಜಾರಾಗಿ ಕೈಬಿಟ್ಟರೆ?

ಸಹಾಯ_ಕೌಂಟರ್ ಉತ್ತರಿಸಿದ್ದು:

ಬಿ.ಪಿ.ಎಲ್. ಕಾರ್ಡ್ ಬಗ್ಗೆ ಯಾರೂ ಹೇಳಿಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎ.ಪಿ.ಎಲ್. ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ನೇರ ಖಾಸಗಿ ಆಸ್ಪತ್ರೆಗೆ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಿದರೆ ಬಹಳ ಸಲ ಕೆಲಸ ಕೆಡುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಅದನ್ನು ಮಾಡಿಸಿಕೊಂಡೇ ಹೊರಡಿ. ಪಡಿತರ ಚೀಟಿ ಮತ್ತು ಆಧಾರ್‌ನಲ್ಲಿ ತಂದೆಯವರ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ, ಅನುಮೋದನೆ ಸಿಕ್ಕಿಹಾಕಿಕೊಳ್ಳುವುದು ಇಂಥ ಸಣ್ಣ ವ್ಯತ್ಯಾಸದಲ್ಲೇ. ಆಸ್ಪತ್ರೆಗೆ ಬಂದ ಮೇಲೆ ಮೊದಲು ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಮೇಜಿಗೆ ಹೋಗಿ, ಅಲ್ಲಿ ಪ್ರೀಆಥ್ (ಮುಂಗಡ ಅನುಮೋದನೆ) ಆಗದೆ ದಿನ ನಿಗದಿ ಆಗುವುದಿಲ್ಲ. ಪ್ಯಾಕೇಜ್‌ನಲ್ಲಿ ಏನು ಸೇರಿಲ್ಲ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ.

ಬಡವರಿಗೆ ಸರ್ಕಾರಿ ಕಡೆ ಈ ಆಪರೇಷನ್ ಇಲ್ಲ ಎಂದುಕೊಳ್ಳಬೇಡಿ. ಡೈರಿ ಸರ್ಕಲ್ ಬಳಿಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸರ್ಜಿಕಲ್ ಆಂಕಾಲಜಿ (ಕ್ಯಾನ್ಸರ್ ಸರ್ಜರಿ) ಇದೆ, ವಿಕ್ಟೋರಿಯಾ ಆವರಣದಲ್ಲಿ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಸೇವಾಸಂಸ್ಥೆಗಳು ನಡೆಸುವ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಪೈಕಿ ಕೋರಮಂಗಲದ ಸೇಂಟ್ ಜಾನ್ಸ್‌ನಲ್ಲಿ ಸರ್ಜಿಕಲ್ ಗ್ಯಾಸ್ಟ್ರೋ ವಿಭಾಗ ಇದೆ. ಇಲ್ಲೆಲ್ಲ ಸರದಿ ಉದ್ದ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಮೊದಲ ದಿನವೇ ಕೇಳಬೇಕಾದ್ದು ಒಂದೇ: ಆಪರೇಷನ್‌ಗೆ ಎಷ್ಟು ವಾರ ಕಾಯಬೇಕು? ಉತ್ತರ ತಿಂಗಳು ದಾಟಿದರೆ, ಇನ್ನೊಂದು ಕಡೆಯೂ ಅದೇ ದಿನ ಹೆಸರು ಬರೆಸಿ.

ವಿಮೆ ಇರುವ ಓದುಗರಿಗೆ ಒಂದು ಮಾತು. ಪಾಲಿಸಿಯ ಮಿತಿಗಿಂತ ದುಬಾರಿ ರೂಮ್ ತೆಗೆದುಕೊಂಡರೆ ಕಡಿತ ಬರಿ ರೂಮಿನ ಬಾಡಿಗೆಗೆ ನಿಲ್ಲುವುದಿಲ್ಲ, ಸರ್ಜನ್ ಫೀ, ಓ.ಟಿ. ಚಾರ್ಜಿಗೂ ಅದೇ ಪ್ರಮಾಣದಲ್ಲಿ ಬೀಳುತ್ತದೆ. ಅಂದಾಜು ಪಟ್ಟಿಯಲ್ಲಿ ಐ.ಸಿ.ಯು. ಎಷ್ಟು ದಿನ ಎಂದು ಹಿಡಿದಿದ್ದಾರೆ, ಸ್ಟೇಪ್ಲರ್‌ಗಳು ಸೇರಿವೆಯೇ, ಸೋರಿಕೆಯಾಗಿ ಹತ್ತು ದಿನ ಹೆಚ್ಚು ಇರಬೇಕಾದರೆ ದಿನಕ್ಕೆ ಎಷ್ಟಾಗುತ್ತದೆ ಎಂದು ಕೇಳಿ. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ, ಸಾಲ ಆಗುವುದು ಅಲ್ಲಿಯೇ.

ಶಸ್ತ್ರಕೋಣೆ:

ಬಯಾಪ್ಸಿಯ ವಿಷಯದಲ್ಲಿ ಚಿಕ್ಕಪ್ಪನವರಿಗೆ ಹೀಗೆ ಹೇಳಿ. ಸಿ.ಟಿ.ಯಲ್ಲಿ ಲಕ್ಷಣ ಸ್ಪಷ್ಟವಾಗಿದ್ದು ಗಡ್ಡೆ ತೆಗೆಯಬಹುದಾದ ಹಂತದಲ್ಲಿದ್ದರೆ ಬಯಾಪ್ಸಿ ಕಡ್ಡಾಯವಲ್ಲ. ಸೂಜಿಯಲ್ಲಿ ಕ್ಯಾನ್ಸರ್ ಸಿಗಲಿಲ್ಲ ಎಂದು ಬಂದರೂ ಇಲ್ಲ ಎಂದು ನಂಬಿ ಕೂರುವಂತಿಲ್ಲ, ಆಪರೇಷನ್ ತಪ್ಪುವುದಿಲ್ಲ. ಕೀಮೋ ಮೊದಲು ಎಂದು ತೀರ್ಮಾನವಾದರೆ, ಅಥವಾ ಚಿತ್ರ ವಿಚಿತ್ರವಾಗಿದ್ದು ಐ.ಜಿ.ಜಿ.4 ಸಂಬಂಧಿತ ಊತ (ಕ್ಯಾನ್ಸರ್‌ನಂತೆ ಕಾಣುವ, ಕ್ಯಾನ್ಸರ್ ಅಲ್ಲದ ಕಾಯಿಲೆ), ಕ್ಷಯದ ಅನುಮಾನ ಬಂದರೆ ಮಾತ್ರ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಿಂದ ಸೂಜಿ ಹಾಕಬೇಕು. ಬಯಾಪ್ಸಿ ಯಾವಾಗ ಬೇಡ, ಯಾವಾಗ ಬೇಕು ಎನ್ನುವ ಎರಡನ್ನೂ ಸರ್ಜನ್ ತಾವಾಗಿಯೇ ಎತ್ತಿ ವಿವರಿಸಿದರೆ ಅವರ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ರೋಬೋಟ್ ಒಂದು ಸಲಕರಣೆ. ಒಳಗೆ ತೆಗೆಯುವುದೂ ಅಷ್ಟೇ, ಜೋಡಿಸುವುದೂ ಅಷ್ಟೇ. ವಿಪಲ್ ಅನ್ನು ತೂತಿನಿಂದ ಮಾಡುವುದನ್ನು ಕಲಿಯಲು ಬಹಳ ಕಾಲ ಬೇಕು. ನೆದರ್ಲೆಂಡ್ಸ್‌ನಲ್ಲಿ ಲ್ಯಾಪರೊಸ್ಕೋಪಿ ಮತ್ತು ತೆರೆದ ವಿಪಲ್ ಹೋಲಿಸುವ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2019ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಲ್ಯಾಪರೊಸ್ಕೋಪಿಯ 50 ಜನರಲ್ಲಿ ಐವರು, ತೆರೆದದ್ದರ 49ರಲ್ಲಿ ಒಬ್ಬರು ತೀರಿಕೊಂಡಿದ್ದರು. ರೋಬೋಟ್ ಅದಕ್ಕಿಂತ ಬೇರೆ ಉಪಕರಣ ನಿಜ, ಆದರೂ ಪ್ರಶ್ನೆ ಅದೇ: ರೋಬೋಟ್‌ನಲ್ಲೇ ಎಷ್ಟು ವಿಪಲ್ ಮಾಡಿದ್ದೀರಿ? ಒಟ್ಟು ರೋಬೋಟ್ ಆಪರೇಷನ್‌ಗಳ ಸಂಖ್ಯೆ ಹೇಳಿದರೆ ಅದರಲ್ಲಿ ಹರ್ನಿಯಾ, ಗಾಲ್‌ಬ್ಲಾಡರ್ ಎಲ್ಲ ಸೇರಿರುತ್ತದೆ. ಸಣ್ಣ ಗಾಯದ ಆಸೆಗೆ ಸರ್ಜನ್ನನ್ನು ಬದಲಿಸಬೇಡಿ.

ಇನ್ನು ಎದುರು ಕೂತು ಕೇಳುವ ಮಾತು. ವಿನಯದಿಂದ, ಎಣಿಕೆಯನ್ನು ಮುಂದಿಟ್ಟು ಕೇಳಿದರೆ ಅನುಭವಿ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ. ಇದೇ ಕೆಲಸದಲ್ಲಿ ಇರುವವರು ತಮ್ಮ ತಮ್ಮೊಳಗೆ ಮಾತಾಡುವುದೇ ಈ ಸಂಖ್ಯೆಗಳನ್ನು. ಹೀಗೆ ಕೇಳಬಹುದು:

"ಸರ್, ನಮಗೆ ಇದು ಹೊಸದು, ಮನೆಯಲ್ಲಿ ಎಲ್ಲರಿಗೂ ವಿವರಿಸಬೇಕು, ಬರೆದುಕೊಳ್ಳಲಾ? ಕಳೆದ ಒಂದು ವರ್ಷದಲ್ಲಿ ಈ ಆಸ್ಪತ್ರೆಯಲ್ಲಿ ಎಷ್ಟು ವಿಪಲ್ ಆಗಿವೆ, ತಾವು ಎಷ್ಟು ಮಾಡಿದ್ದೀರಿ? ಅವರಲ್ಲಿ ಎಷ್ಟು ಜನಕ್ಕೆ ಚಿಕಿತ್ಸೆ ಬೇಕಾಗುವಂಥ ಸೋರಿಕೆ ಆಯಿತು? 90 ದಿನದೊಳಗೆ ಎಷ್ಟು ಜನರನ್ನು ಉಳಿಸಿಕೊಳ್ಳಲಾಗಲಿಲ್ಲ? ಜೋಡಣೆಯ ಹೊಲಿಗೆ ತಾವೇ ಹಾಕುತ್ತೀರಾ? ಹೊಟ್ಟೆ ತೆರೆದ ಮೇಲೆ ಗಡ್ಡೆ ತೆಗೆಯಲು ಆಗದಿದ್ದರೆ ಏನು ಮಾಡುತ್ತೀರಿ?"

90 ದಿನ ಎಂದೇ ಕೇಳಿ. 30 ದಿನದ ಲೆಕ್ಕದಲ್ಲಿ ಐ.ಸಿ.ಯು.ನಲ್ಲಿ 35ನೇ ದಿನ ತೀರಿಕೊಂಡವರು ಕಾಣುವುದಿಲ್ಲ. ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಪಿತ್ತನಾಳಕ್ಕೆ, ಬೇಕಿದ್ದರೆ ಜಠರಕ್ಕೆ ಬೈಪಾಸ್ (ಗಡ್ಡೆಯನ್ನು ಬಳಸಿಹೋಗುವ ಬದಲಿ ದಾರಿ) ಅಥವಾ ಹೊಟ್ಟೆ ಮುಚ್ಚಿ ಲೋಹದ ಸ್ಟೆಂಟ್. ಎಲ್ಲಕ್ಕೂ ಮೊದಲೇ ಯೋಚಿಸಿಟ್ಟ ಉತ್ತರ ಇರಬೇಕು.

"ಕಳೆದ ವರ್ಷ 28 ಮಾಡಿದೆವು, ಆರು ಜನಕ್ಕೆ ಸೋರಿತು, ಒಬ್ಬರು ಹೋದರು, ನಿಮ್ಮ ತಂದೆಗೆ ಆಲ್ಬುಮಿನ್ ಕಡಿಮೆ ಇದೆ, ಅಪಾಯ ಸ್ವಲ್ಪ ಹೆಚ್ಚು" ಎಂಬ ಬಗೆಯಲ್ಲಿ ಮಾತಾಡುವವರನ್ನು ನಂಬಿ. "ನಮ್ಮಲ್ಲಿ ನೂರಕ್ಕೆ ನೂರು, ಏನೂ ಆಗಲ್ಲ, ನಾಳೆಯೇ ಅಡ್ಮಿಟ್ ಮಾಡಿ, ಅಡ್ವಾನ್ಸ್ ಕಟ್ಟಿ" ಎನ್ನುವ ಕಡೆಯಿಂದ ಎದ್ದು ಬನ್ನಿ. ವಿಪಲ್‌ನಲ್ಲಿ ಎಂದೂ ಸೋರಿಕೆ ನೋಡದವರು ಎಂದರೆ ವಿಪಲ್ ಹೆಚ್ಚು ಮಾಡದವರು.

ರಾತ್ರಿಪಾಳಿ:

ದಿನ ಸಿಗುವವರೆಗೆ ಮನೆಯಲ್ಲಿ ಮಾಡಬೇಕಾದ್ದು. ಕಾಮಾಲೆಯಲ್ಲಿ ವಿಟಮಿನ್ ಕೆ ಹೀರಿಕೊಳ್ಳದೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಐ.ಎನ್.ಆರ್. ಏರಿದ್ದರೆ ಇಂಜೆಕ್ಷನ್ ಬೇಕು, ಹಾಸನದ ಡಾಕ್ಟರನ್ನೇ ಕೇಳಿ. ನಾಟಿ ಔಷಧಿ, ಜಾಂಡೀಸ್ ಪಥ್ಯ ಬೇಡವೇ ಬೇಡ. ಇದು ಲಿವರ್ ಸೋಂಕಿನ ಕಾಮಾಲೆ ಅಲ್ಲ, ನಾಳ ಕಟ್ಟಿಕೊಂಡ ಕಾಮಾಲೆ. ಪಥ್ಯ ಮಾಡಿ ಬರಿ ಗಂಜಿ ಕುಡಿಸಿದರೆ ಆಲ್ಬುಮಿನ್ ಇನ್ನೂ ಇಳಿಯುತ್ತದೆ. ಮೊಟ್ಟೆ, ಬೇಳೆ, ಮೊಸರು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರು ಸಲ ಕೊಡಿ. ಬೀಡಿ ಇವತ್ತಿನಿಂದಲೇ ನಿಲ್ಲಲಿ, ದಿನಕ್ಕೆ ಎರಡು ಸಲ ನಡೆಸಿ, ಉಸಿರಿನ ಮೂರು ಚೆಂಡಿನ ಸ್ಪೈರೋಮೀಟರ್ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ, ಅದನ್ನು ಈಗಲೇ ಅಭ್ಯಾಸ ಮಾಡಿಸಿ.

ಚಳಿ ಹಿಡಿದು ಜ್ವರ ಬಂದರೆ ಸರ್ಜನ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಕಟ್ಟಿದ ಪಿತ್ತದಲ್ಲಿ ಸೋಂಕು ಹತ್ತಿದ ಲಕ್ಷಣ ಅದು, ಗಂಟೆಗಳ ಲೆಕ್ಕ. ಹಾಸನದಲ್ಲೇ ಆಸ್ಪತ್ರೆಗೆ ಸೇರಿಸಿ ಆಂಟಿಬಯಾಟಿಕ್ ಶುರು ಮಾಡಿಸಿ, ಆಮೇಲೆ ಆಂಬ್ಯುಲೆನ್ಸ್‌ನಲ್ಲಿ ಹೊರಡಿ.

ಡಿಸ್ಚಾರ್ಜ್ ಆದ ಕೂಡಲೇ ಊರಿಗೆ ಕರೆದೊಯ್ಯಬೇಡಿ. ಆಸ್ಪತ್ರೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಎರಡು ವಾರಕ್ಕೆ ಮನೆಯೋ ಧರ್ಮಶಾಲೆಯೋ ಈಗಲೇ ನೋಡಿಟ್ಟುಕೊಳ್ಳಿ. ಡ್ರೈನ್ ಹಾಕಿಯೇ ಕಳಿಸಿದ್ದರೆ ದಿನವೂ ಎಷ್ಟು ಮಿಲಿ, ಯಾವ ಬಣ್ಣ ಎಂದು ಬರೆದಿಡಿ. ಕೆಂಪು ಕಂಡರೆ, ನಿಂತುಹೋದರೂ ಸರಿ, ಅದೇ ಕ್ಷಣ ಆಸ್ಪತ್ರೆಗೆ ಹೊರಡಿ. ವಾರ್ಡಿನ ನೇರ ಫೋನ್ ನಂಬರನ್ನು ಡಿಸ್ಚಾರ್ಜ್ ಚೀಟಿಯ ಮೇಲೆಯೇ ಬರೆಸಿಕೊಳ್ಳಿ.